ಬೇಕರಿ ಕೆಲಸಕ್ಕೆ ಸೇರುವಾಗ ನನ್ನ ಕಾಯಿಲೆಗಳನ್ನೆಲ್ಲ ಧಣಿಗೆ ಹೇಳಬೇಕಾ?

ಎಲ್ಲವನ್ನೂ ಹೇಳಬೇಕಾಗಿಲ್ಲ. ಕುಂಬಳೆಯ ಬೇಕರಿಯಾಗಲಿ, ಕಾಸರಗೋಡಿನ ಹೋಟೆಲಾಗಲಿ, ಧಣಿಗೆ ಗೊತ್ತಾಗಬೇಕಾದದ್ದು ನೀವು ಆ ಕೆಲಸಕ್ಕೆ ಫಿಟ್ ಹೌದೋ ಅಲ್ಲವೋ ಅಂತ. ನೀವು ನುಂಗುವ ಮಾತ್ರೆಗಳ ಲೆಕ್ಕ ಅವರಿಗೆ ಬೇಡ.

ಆದರೆ ಹೆಲ್ತ್ ಕಾರ್ಡ್, ಅಂದರೆ ಡಾಕ್ಟರು ಕೊಡುವ ಫಿಟ್‌ನೆಸ್ ಸರ್ಟಿಫಿಕೇಟ್, ಬೇಕೇ ಬೇಕು. ಆಹಾರ ಮುಟ್ಟುವ ಕೆಲಸದವರಿಗೆ ಕೇರಳದಲ್ಲಿ 2023ರಿಂದ ಇದು ಕಡ್ಡಾಯ, ವರ್ಷಕ್ಕೊಮ್ಮೆ ಹೊಸದಾಗಿ ಮಾಡಿಸಬೇಕು. ಡಾಕ್ಟರು ಚರ್ಮ, ಉಗುರು, ಕಣ್ಣು ನೋಡುತ್ತಾರೆ, ಕೈಯಲ್ಲಿ ಗಾಯ ಇದೆಯಾ ಅಂತ ನೋಡುತ್ತಾರೆ, ಟೈಫಾಯ್ಡ್ ಲಸಿಕೆ ಹಾಕಿಸಿಕೊಳ್ಳಲು ಹೇಳುತ್ತಾರೆ. ಕೊನೆಗೆ ಸರ್ಟಿಫಿಕೇಟಿನಲ್ಲಿ ಬರೆಯುವುದು ಅಂಟುರೋಗ ಇಲ್ಲ, ಕೆಲಸ ಮಾಡಬಹುದು ಅಂತ. ವಿವರ ಡಾಕ್ಟರ ಹತ್ತಿರ ಉಳಿಯುತ್ತದೆ, ಧಣಿಯ ಕೈಗೆ ಬರುವುದು ತೀರ್ಮಾನ ಅಷ್ಟೇ. ಅಂಟುರೋಗದ ಬಗ್ಗೆ ಇಷ್ಟು ಕಾಳಜಿ ಯಾಕೆಂದರೆ ಟೈಫಾಯ್ಡ್ ಕೈಯಿಂದ ತಿಂಡಿಗೆ, ತಿಂಡಿಯಿಂದ ಗಿರಾಕಿಗೆ ದಾಟುತ್ತದೆ. ಬಿಪಿ, ಶುಗರ್ ಬನ್ನಿನಲ್ಲಿ ಹರಡುವುದಿಲ್ಲ, ಅಲ್ವಾ?

ಎಚ್‌ಐವಿ ವಿಷಯದಲ್ಲಂತೂ 2017ರ ಕಾಯ್ದೆ ಇನ್ನೂ ಬಿಗಿ. ಕೆಲಸ ಕೊಡಲು ಆ ಟೆಸ್ಟ್ ಮಾಡಿಸಿ ಅಂತ ಯಾರೂ ಷರತ್ತು ಹಾಕುವಂತಿಲ್ಲ.

ಒಂದು ಮಾತು: ನಿಮಗೆ ಫಿಟ್ಸ್ ಬರುತ್ತದೆ, ಕೆಲಸ ಬಿಸಿ ಓವನ್ ಪಕ್ಕದಲ್ಲಿ ಅಂತಾದರೆ ಸುಮ್ನೆ ಮುಚ್ಚಿಡಬೇಡಿ. ಹೇಳಿ, ಪ್ಯಾಕಿಂಗ್ ಕಡೆ ಕೆಲಸ ಕೇಳಿ.