ಡ್ರಮ್ಮಿಗೆ ಎಷ್ಟು ಮೈಲುತುತ್ತು?

ಪ್ರಶ್ನೆ: ನಮ್ಮದು ಎರಡು ಎಕರೆ ಅಡಿಕೆ ತೋಟ. 200 ಲೀಟರಿನ ಡ್ರಮ್ಮಿಗೆ ಒಂದೂವರೆ ಕಿಲೋ ಮೈಲುತುತ್ತು (ಕಾಪರ್ ಸಲ್ಫೇಟ್), ಒಂದೂವರೆ ಕಿಲೋ ಸುಣ್ಣ ಹಾಕಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸುತ್ತೇವೆ. ಆದರೂ ಹೋದ ಮಳೆಗಾಲ ಕೊಳೆ ಬಂತು. ಈ ಸಲ ಎರಡು ಪರ್ಸೆಂಟ್ ಮಾಡಬಹುದಾ?
– ತೀರ್ಥಹಳ್ಳಿ ಕಡೆಯ ಓದುಗರು

ಉತ್ತರ: ಎರಡು ಪರ್ಸೆಂಟಿನ ಮಾತು ಆಮೇಲೆ. ನೀವು ಈಗ ಹೊಡೆಸುತ್ತಿರುವುದು ಒಂದು ಪರ್ಸೆಂಟೂ ಅಲ್ಲ. ಶೇಕಡಾ ಒಂದರ ಬೋರ್ಡೋ ಎಂದರೆ 100 ಲೀಟರ್ ದ್ರಾವಣಕ್ಕೆ ಒಂದು ಕಿಲೋ ಮೈಲುತುತ್ತು. 200 ಲೀಟರಿಗೆ ಎರಡು ಕಿಲೋ ಆಯಿತಲ್ವಾ? ಒಂದೂವರೆ ಕಿಲೋವನ್ನು 200ರಿಂದ ಭಾಗಿಸಿ 100ರಿಂದ ಗುಣಿಸಿ. 0.75 ಬರುತ್ತದೆ. ಕಾಲು ಭಾಗ ಔಷಧಿ ಖೋತಾ.

ಆ ಡ್ರಮ್ಮಿಗೆ ನಿಜವಾಗಿ ಎಷ್ಟು ನೀರು ತುಂಬಿಸುತ್ತೀರಿ ಎಂದೂ ನೋಡಿ. ನಮ್ಮ ಮನೆಯದೂ 200 ಲೀಟರಿನ ನೀಲಿ ಡ್ರಮ್ಮೇ. ಕಲಕುವಾಗ ಚೆಲ್ಲುತ್ತದೆ ಎಂದು ಕಂಠದವರೆಗೆ ಯಾರೂ ತುಂಬಿಸುವುದಿಲ್ಲ. ಒಂದು ದಿನ ಕೂತು 20 ಲೀಟರಿನ ಕ್ಯಾನಿನಲ್ಲಿ ಅಳೆದು ಸುರಿದೆ. ದಿನಾ ನಿಲ್ಲಿಸುವ ಮಟ್ಟಕ್ಕೆ ಒಂಬತ್ತೇ ಕ್ಯಾನ್ ಸಾಕಾಯಿತು, ಅಂದರೆ 180 ಲೀಟರ್. ಅಲ್ಲಿಗೆ ಕೆಂಪು ಪೇಂಟಿನಲ್ಲಿ ಗೆರೆ ಎಳೆದು ಪಕ್ಕದಲ್ಲಿ ‘1.8 ಕಿಲೋ’ ಎಂದು ಬರೆದಿಟ್ಟೆ. ಅಂದಿನಿಂದ ಔಷಧಿ ಕಲಸುವವರು ಯಾರೇ ಬಂದರೂ ಲೆಕ್ಕ ತಪ್ಪಿಲ್ಲ. ನೀವೂ ಒಮ್ಮೆ ಅಳೆಯಿರಿ, ಅರ್ಧ ಗಂಟೆಯ ಕೆಲಸ.

ಲೆಕ್ಕ ಸರಿಯಿದ್ದೂ ಕೆಡುವ ಜಾಗ ಸುಣ್ಣ. ಒಂದು ವರ್ಷ ಕೊಟ್ಟಿಗೆಯ ಮೂಲೆಯಲ್ಲಿ ಉಳಿದಿದ್ದ ಹಳೇ ಸುಣ್ಣವನ್ನೇ ತೂಕ ಮಾಡಿ ಹಾಕಿಬಿಟ್ಟೆವು. ತೂಕ ಸರಿಯಾಗಿಯೇ ಇತ್ತು. ಆದರೆ ಗಾಳಿಗೆ ಬಿದ್ದ ಸುಣ್ಣ ದಿನ ಕಳೆದಂತೆ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಸೀಮೆಸುಣ್ಣದಂಥ ಪುಡಿ ಆಗುತ್ತದೆ. ಅದಕ್ಕೆ ಮೈಲುತುತ್ತಿನ ಹುಳಿಯನ್ನು ಪೂರ್ತಿ ಮುರಿಯುವ ಶಕ್ತಿ ಇರುವುದಿಲ್ಲ. ಆ ವರ್ಷ ಮಿಳ್ಳೆಗಳ (ಎಳೆ ಅಡಿಕೆಕಾಯಿಗಳ) ಮೇಲೆ ಸುಟ್ಟ ಕಲೆ ಬಿದ್ದು, ಎಷ್ಟೋ ಉದುರಿ ಹೋದವು. ಬುಡದಲ್ಲಿ ಬಿದ್ದದ್ದನ್ನು ಹೆಕ್ಕುವಾಗ ಆದ ಸಂಕಟ ಇವತ್ತಿಗೂ ಮರೆತಿಲ್ಲ.

ಹಾಗಾಗಿ ಹೊಸದಾಗಿ ಸುಟ್ಟ ಸುಣ್ಣವನ್ನೇ ತಂದು ನೀರು ಹಾಕಿ ಅರಳಿಸಿ, ಸೋಸಿ. ಅರ್ಧ ನೀರಿನಲ್ಲಿ ಮೈಲುತುತ್ತು, ಇನ್ನರ್ಧದಲ್ಲಿ ಸುಣ್ಣ, ಬೇರೆ ಬೇರೆಯಾಗಿ ಕರಗಲಿ. ಎರಡೂ ಪ್ಲಾಸ್ಟಿಕ್ ಪಾತ್ರೆ ಇರಲಿ, ಕಬ್ಬಿಣದ್ದು ಬೇಡವೇ ಬೇಡ. ಆಮೇಲೆ ಮೈಲುತುತ್ತಿನ ನೀರನ್ನು ಸುಣ್ಣದ ನೀರಿಗೆ ಸುರಿಯುತ್ತಾ ಕಲಕಿ, ಉಲ್ಟಾ ಮಾಡಬೇಡಿ. ಕೊನೆಗೆ ಚೆನ್ನಾಗಿ ಉಜ್ಜಿದ ಕತ್ತಿಯನ್ನು ಒಂದು ನಿಮಿಷ ಅದ್ದಿ ತೆಗೆಯಿರಿ. ಅಲಗಿನ ಮೇಲೆ ಕೆಂಪಗೆ ತಾಮ್ರ ಕೂತಿದ್ದರೆ ಸುಣ್ಣ ಸಾಲದು ಎಂದರ್ಥ. ಕೆಂಪು ಬರುವುದು ನಿಲ್ಲುವವರೆಗೆ ಸುಣ್ಣದ ತಿಳಿ ಸೇರಿಸಿ.

ಎರಡು ಪರ್ಸೆಂಟ್ ಬೇಡ. ಖರ್ಚು ದುಪ್ಪಟ್ಟು, ಮಣ್ಣಿಗೆ ಬೀಳುವ ತಾಮ್ರವೂ ದುಪ್ಪಟ್ಟು. ಮಳೆಗೆ ತಡೆದು ನಿಲ್ಲುವುದು ಅವತ್ತೇ ಕಲಸಿದ ದ್ರಾವಣದ ಅಂಟು. ರಾತ್ರಿ ಇಟ್ಟು ಮರುದಿನ ಹೊಡೆದರೆ ಆ ಅಂಟು ಹೋಗಿರುತ್ತದೆ. ಅಡಿಕೆಯ ಕೊಳೆಗೆ ಬೋರ್ಡೋ ಹೊಡೆಯುವ ಕ್ರಮವನ್ನು ಲೆಸ್ಲಿ ಕೋಲ್ಮನ್ ಎಂಬ ವಿಜ್ಞಾನಿ ಮೈಸೂರು ಸಂಸ್ಥಾನದ ರೈತರಿಗೆ ತೋರಿಸಿ ನೂರು ವರ್ಷ ದಾಟಿದೆ. ಸರಿಯಾಗಿ ಕಲಸಿ, ಮಳೆ ಹಿಡಿಯುವ ಮೊದಲೊಮ್ಮೆ, 40–45 ದಿನ ಬಿಟ್ಟು ಇನ್ನೊಮ್ಮೆ ಗೊನೆ ಪೂರ್ತಿ ನೆನೆಯುವಂತೆ ಹೊಡೆಸಿ.

ಪ್ರಶ್ನೆ: ಮೈಲುತುತ್ತಿನ ಚೀಲದ ಮೇಲೆ ತಾಮ್ರ 24 ಪರ್ಸೆಂಟ್ ಎಂದು ಬರೆದಿದೆ. ಉಳಿದ 76 ಕಲಬೆರಕೆಯಾ?
– ಶಿರಸಿಯ ಓದುಗರು

ಉತ್ತರ: ಅಲ್ಲ. ಮೈಲುತುತ್ತಿನ ಹರಳಿನಲ್ಲಿ ತಾಮ್ರದ ಜೊತೆ ಸಲ್ಫೇಟ್ ಇದೆ, ಐದು ಅಣು ನೀರೂ ಇದೆ. ಹರಳಿನ ಅಣುತೂಕ 249.7, ಅದರಲ್ಲಿ ತಾಮ್ರದ ಪಾಲು 63.5. ಅಪ್ಪಟ ಶುದ್ಧ ಹರಳಿನಲ್ಲೂ 25.4 ಪರ್ಸೆಂಟಿಗಿಂತ ಜಾಸ್ತಿ ತಾಮ್ರ ಇರಲು ಸಾಧ್ಯವೇ ಇಲ್ಲ. 24 ಒಳ್ಳೆಯ ಮಾಲೇ. ಬೋರ್ಡೋದ ‘ಒಂದು’ ಕೂಡ ಹರಳಿನ ಲೆಕ್ಕ, ತಾಮ್ರದ್ದಲ್ಲ. ತಾಮ್ರ ಎಂದು ನೋಡಿದರೆ ಅದರಲ್ಲಿರುವುದು ಹೆಚ್ಚುಕಡಿಮೆ ಕಾಲು ಪರ್ಸೆಂಟ್.

ಪ್ರಶ್ನೆ: ನಾನು ಸೆಕೆಂಡ್ ಪಿಯುಸಿ. 250 ಎಂಎಲ್, 0.1 ಮೋಲಾರ್ ಕಾಪರ್ ಸಲ್ಫೇಟ್ ಮಾಡಲು ಅಣುತೂಕ 159.6 ಹಿಡಿಯಬೇಕಾ, 249.7 ಹಿಡಿಯಬೇಕಾ?
– ಪುತ್ತೂರಿನ ವಿದ್ಯಾರ್ಥಿನಿ

ಉತ್ತರ: ಬಾಟಲಿಯಲ್ಲಿ ಏನಿದೆ ನೋಡಮ್ಮ. ನೀಲಿ ಹರಳಾದರೆ 249.7. ಬಿಳಿ ಪುಡಿಯಾದರೆ ಅದರಲ್ಲಿ ನೀರಿಲ್ಲ, 159.6. ನಿಮ್ಮ ಲ್ಯಾಬಿನಲ್ಲಿ ಇರುವುದು ಬಹುಶಃ ನೀಲಿಯೇ. ಒಂದು ಮೋಲಾರ್ ಎಂದರೆ ಒಂದು ಲೀಟರ್ ದ್ರಾವಣದಲ್ಲಿ ಅಣುತೂಕದಷ್ಟು ಗ್ರಾಂ; 250 ಎಂಎಲ್ ಎಂದರೆ 0.25 ಲೀಟರ್. ಆಗ 249.7 × 0.1 × 0.25, ಅಂದರೆ 6.24 ಗ್ರಾಂ. ಅದೇ ನೀಲಿ ಹರಳಿಗೆ 159.6 ಹಿಡಿದು 3.99 ಗ್ರಾಂ ತೂಗಿದರೆ ಸಿಗುವುದು 0.064 ಮೋಲಾರ್ ಮಾತ್ರ. ಇನ್ನೊಂದು: 250 ಎಂಎಲ್ ನೀರು ಅಳೆದಿಟ್ಟು ಅದಕ್ಕೆ ಹರಳು ಹಾಕಬೇಡ. ಮೊದಲು ಬೀಕರಿನಲ್ಲಿ ಸ್ವಲ್ಪ ನೀರಿನಲ್ಲಿ ಕರಗಿಸು. ಕತ್ತಿನಲ್ಲಿ 250 ಎಂಎಲ್ ಗೆರೆ ಇರುವ ಫ್ಲಾಸ್ಕಿಗೆ ಸುರಿ, ಬೀಕರನ್ನು ಎರಡು ಸಲ ತೊಳೆದು ಆ ನೀರನ್ನೂ ಸೇರಿಸು. ಆಮೇಲೆ ಕತ್ತಿನ ಗೆರೆಯವರೆಗೆ ನೀರು ತುಂಬಿಸು, ಕೊನೆಯ ಹನಿಗಳನ್ನು ಡ್ರಾಪರಿನಲ್ಲಿ.