ತಂತಿಗೆ ಬಲ ಸೊನ್ನೆ ಬರುತ್ತಿರುವುದಕ್ಕೆ

400 ಕಿ.ಮೀ. ಎತ್ತರದಲ್ಲಿ ಉಪಗ್ರಹದಿಂದ ತೂಗುವ 1 ಕಿ.ಮೀ. ತಂತಿಯಲ್ಲಿ ಕರೆಂಟ್ ಹರಿದರೆ ಭೂಮಿಯ ಕಾಂತಕ್ಷೇತ್ರ ಅದನ್ನು ತಳ್ಳಬೇಕು; ನಿಮ್ಮ ಲೆಕ್ಕದಲ್ಲಿ ಆ ಬಲ ಸೊನ್ನೆ ಬರುತ್ತಿರುವುದು, ಬಹುಶಃ ವಾಪಸ್ ಬರುವ ಕರೆಂಟಿಗೂ ಚಿತ್ರದಲ್ಲಿ ತಂತಿ ಬರೆದಿರುವುದರಿಂದ. ನನಗೂ ಹೀಗೇ ಆಗಿತ್ತು: ಹೋಗುವ ತಂತಿಯ ಬಲವನ್ನು ಬರುವ ತಂತಿ ಪೂರ್ತಿ ತಿಂದುಹಾಕುತ್ತದೆ.

ಮೊದಲು ಆ ವಾಪಸ್ ತಂತಿ ಅಳಿಸಿ. ಆ ಕರೆಂಟ್ ಅಯಾನುಗೋಳದ (ವಾತಾವರಣದ ಮೇಲಿನ ಪದರ) ಪ್ಲಾಸ್ಮಾದಲ್ಲಿ, ಅಂದರೆ ಅಲ್ಲಿನ ಎಲೆಕ್ಟ್ರಾನ್-ಅಯಾನುಗಳ ಅನಿಲದಲ್ಲಿ, ಹರಿಯಲಿ. ಅಲ್ಲಿನ ಬಲ ಬೀಳುವುದು ಪ್ಲಾಸ್ಮಾದ ಮೇಲೆ, ಉಪಗ್ರಹದ ಮೇಲಲ್ಲ. ಆಮೇಲೆ 1 ಆಂಪಿಯರ್, 1000 ಮೀಟರ್, 30 ಮೈಕ್ರೋಟೆಸ್ಲಾ (ಅಲ್ಲಿನ ಕಾಂತಕ್ಷೇತ್ರ) ಗುಣಿಸಿ: 0.03 ನ್ಯೂಟನ್. ಮೂರು ಗ್ರಾಂ ತೂಕದಷ್ಟೇ, ಆದರೆ ಇಂಧನ ಸುಡದೆ ದಿನವಿಡೀ ತಳ್ಳುತ್ತದೆ!

ಈಗ ದಿಕ್ಕು. ಪೂರ್ವಕ್ಕೆ ಸಾಗುವಾಗ ತಂತಿಯಲ್ಲಿ ತಾನಾಗಿಯೇ 200 ವೋಲ್ಟ್‌ಗೂ ಹೆಚ್ಚು ಹುಟ್ಟಿ ಕರೆಂಟ್ ಮೇಲಕ್ಕೆ ಹರಿಯುತ್ತದೆ, ಅದು ಬ್ರೇಕ್. ಮುಂದಕ್ಕೆ ತಳ್ಳಬೇಕಿದ್ದರೆ ಸೌರಫಲಕದಿಂದ ಅದಕ್ಕೂ ಹೆಚ್ಚು ವೋಲ್ಟೇಜ್ ಕೊಟ್ಟು ಕೆಳಕ್ಕೆ ಹರಿಸಿ. ಭೂಮಿಯ ರಾತ್ರಿ ಭಾಗದ ಮೇಲೆ ಪ್ಲಾಸ್ಮಾದಲ್ಲಿ ಎಲೆಕ್ಟ್ರಾನ್ ಕಡಿಮೆ, ಅಲ್ಲಿ ಕರೆಂಟನ್ನೂ ಇಳಿಸಿ ನೋಡಿ.