ಕೊಬ್ಬರಿ ದುಡ್ಡು, ಜಾಹೀರಾತು ಕಂಪನಿ ಷೇರು

ಪ್ರಶ್ನೆ: ನಮ್ಮದು ತಿಪಟೂರಿನಲ್ಲಿ ಕೊಬ್ಬರಿ ವ್ಯಾಪಾರ. ಖರ್ಚೆಲ್ಲ ಕಳೆದು ಮೂರು ಲಕ್ಷ ರೂಪಾಯಿ ಕೈಯಲ್ಲಿದೆ. ತಂಗಿಯ ಮಗ ಬೆಂಗಳೂರಿನಲ್ಲಿ ಡಿಜಿಟಲ್ ಮಾರ್ಕೆಟಿಂಗ್ ಕೆಲಸದಲ್ಲಿದ್ದಾನೆ. 'ಎಲ್ಲರ ಕಣ್ಣೂ ಈಗ ಮೊಬೈಲ್ ಮೇಲೆ. ಜಾಹೀರಾತಿನ ದುಡ್ಡೆಲ್ಲ ಅಲ್ಲಿಗೇ ಹೋಗೋದು. ಆ್ಯಫಲ್ ಷೇರು ತಗೊಂಡು ಇಟ್ಬಿಡಿ ಮಾವ' ಅಂತಾನೆ. ಮಂಡಿಯ ಸ್ನೇಹಿತರೊಬ್ಬರು ಬ್ರೈಟ್‌ಕಾಮ್ ಹೆಸರು ಹೇಳುತ್ತಾರೆ. ಒಂದು ಕಾಲಕ್ಕೆ ನೂರು ರೂಪಾಯಿ ದಾಟಿತ್ತಂತೆ, ಈಗ ಬಹಳ ಅಗ್ಗವಂತೆ. ಎರಡೂ ಒಂದೇ ಕಸುಬಿನ ಕಂಪನಿಗಳು ತಾನೇ? ಯಾವುದು ಕೊಳ್ಳಲಿ?
– ಓದುಗರೊಬ್ಬರು, ತಿಪಟೂರು

ಉತ್ತರ: ಇದನ್ನು ಕೊಳ್ಳಿ, ಅದನ್ನು ಬಿಡಿ ಎಂದು ಹೇಳಲು ಷೇರುಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿಯ ನೋಂದಣಿ ಬೇಕು. ನನಗೆ ಅದಿಲ್ಲ. ಕಂಪನಿಗಳ ಲೆಕ್ಕಪತ್ರ ನೋಡುವುದು ನನ್ನ ಕೆಲಸ. ಹಾಗಾಗಿ ಈ ಕಸುಬಿನ ಲೆಕ್ಕವನ್ನು ಹೇಗೆ ಓದಬೇಕು ಅಂತ ಹೇಳಬಲ್ಲೆ. ಅದರಲ್ಲಿ ಅರ್ಧ ನಿಮಗೆ ಆಗಲೇ ಗೊತ್ತಿದೆ. ಲಾರಿಗೆ ಕೊಬ್ಬರಿ ತುಂಬಿ ಉತ್ತರ ಭಾರತಕ್ಕೆ ಕಳಿಸಿದ ದಿನವೇ ಪುಸ್ತಕದಲ್ಲಿ ವ್ಯಾಪಾರ ಬರೆದುಕೊಳ್ಳುತ್ತೀರಿ. ದುಡ್ಡು ಬರುವುದು ಆಮೇಲೆ. ಅಷ್ಟರೊಳಗೆ ರೈತರಿಗೆ ನೀವು ಕೊಟ್ಟಾಗಿರುತ್ತದೆ. ನಿದ್ದೆ ಕೆಡಿಸುವುದು ನಡುವಿನ ಆ ಬಾಕಿ, ಅಲ್ವಾ? ಜಾಹೀರಾತು ಕಂಪನಿಯಲ್ಲೂ ಮೊದಲು ನೋಡಬೇಕಾದದ್ದು ಆ ಬಾಕಿಯನ್ನೇ.

ಕೆಲಸ ನಡೆಯುವುದು ಹೀಗೆ. ಊಟ ತಂದುಕೊಡುವ ಆ್ಯಪ್ ಒಂದಕ್ಕೆ ಹೊಸ ಗಿರಾಕಿಗಳು ಬೇಕು ಅಂದುಕೊಳ್ಳಿ. ಅವರು ಆ್ಯಫಲ್‌ನಂಥ ಕಂಪನಿಗೆ ಕೆಲಸ ಒಪ್ಪಿಸುತ್ತಾರೆ. ಆ್ಯಫಲ್ ಬೇರೆ ಬೇರೆ ಆ್ಯಪ್‌ಗಳಲ್ಲಿ ಜಾಹೀರಾತಿನ ಜಾಗ ಕೊಳ್ಳುತ್ತದೆ. ನೀವು ಕ್ರಿಕೆಟ್ ಸ್ಕೋರ್ ನೋಡಲು ಮೊಬೈಲ್ ಒತ್ತಿ, ಪುಟ ಮೂಡುವಷ್ಟರಲ್ಲಿ ಆ ಜಾಗದ ಹರಾಜು ಮುಗಿದಿರುತ್ತದೆ. ಜಾಹೀರಾತು ಕಂಡಿತು ಅಂತ ಆ್ಯಫಲ್‌ಗೆ ದುಡ್ಡು ಸಿಗುವುದಿಲ್ಲ. ಅದರ ಮುಖ್ಯ ವ್ಯವಹಾರದಲ್ಲಿ, ನೋಡಿದವರು ಆ್ಯಪ್ ಹಾಕಿಕೊಂಡು ಗಿರಾಕಿ ಕೇಳಿದ ಕೆಲಸ ಮಾಡಿದರೆ ಮಾತ್ರ ಬಿಲ್ಲು. ಹಾಗೆ ಬಂದ ಒಬ್ಬೊಬ್ಬರಿಗೆ ಐವತ್ತು ರೂಪಾಯಿಗಿಂತ ತುಸು ಜಾಸ್ತಿ ಲೆಕ್ಕ. ಆದರೆ ಜಾಗ ಕೊಟ್ಟವರಿಗೆ ಆ್ಯಫಲ್ ದುಡ್ಡು ಕೊಡಲೇಬೇಕು. ಆದಾಯದ ಅರ್ಧಕ್ಕಿಂತ ಹೆಚ್ಚು ಹೋಗುವುದು ಈ ಜಾಗ ಮತ್ತು ಮಾಹಿತಿ ಕೊಳ್ಳುವುದಕ್ಕೇ. 2024-25ರಲ್ಲಿ ಕಂಪನಿಯ ಆದಾಯ 2,266 ಕೋಟಿ ರೂಪಾಯಿ, ಲಾಭ 382 ಕೋಟಿ.

ಈ ಲಾಭದ ಅಂಕಿಯನ್ನು ನೋಡಿ ನಿಲ್ಲಬೇಡಿ. ವಾರ್ಷಿಕ ವರದಿ ಕಂಪನಿಯ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತದೆ. ಹೆಸರು ಈಗ ಆ್ಯಫಲ್ 3ಐ ಅಂತಾಗಿದೆ, ಹಾಗೆ ಹುಡುಕಿ. ಮುಂದಿನ ಬಣ್ಣದ ಪುಟಗಳನ್ನು ದಾಟಿ ಕ್ಯಾಶ್ ಫ್ಲೋ, ಅಂದರೆ ದುಡ್ಡು ಬಂದು ಹೋದ ಪಟ್ಟಿಗೆ ಹೋಗಿ. ಅದರ ಮೊದಲ ಭಾಗದ ಕೊನೆಯ ಸಾಲಿನಲ್ಲಿ, ವ್ಯಾಪಾರದಿಂದ ನಿಜವಾಗಿ ಬಂದ ದುಡ್ಡು ಇರುತ್ತದೆ. ಅದನ್ನು ಲಾಭದ ಪಕ್ಕ ಬರೆದುಕೊಳ್ಳಿ. ಐದು ವರ್ಷದ್ದು ಬರೆಯಿರಿ. ಲಾಭ ಏರುತ್ತಾ, ಬಂದ ದುಡ್ಡು ಮಾತ್ರ ಪ್ರತಿ ವರ್ಷ ಹಿಂದೆ ಬೀಳುತ್ತಿದ್ದರೆ ಅಲ್ಲಿಗೇ ಪುಸ್ತಕ ಮುಚ್ಚಬಹುದು. ಆಮೇಲೆ ಟಿಪ್ಪಣಿಗಳಲ್ಲಿ ಟ್ರೇಡ್ ರಿಸೀವೆಬಲ್ಸ್ ಅಂತ ಇರುತ್ತದೆ, ಅಂದರೆ ಗಿರಾಕಿಗಳಿಂದ ಬರಬೇಕಾದ ಬಾಕಿ. ಯಾವ ಬಾಕಿ ಆರು ತಿಂಗಳೊಳಗಿನದು, ಯಾವುದು ವರ್ಷ ದಾಟಿದ್ದು, ಯಾವುದು ಮೂರು ವರ್ಷ ಮೀರಿದ್ದು ಎಂದು ಬೇರೆ ಬೇರೆ ಕಾಲಂನಲ್ಲಿ ತೋರಿಸಬೇಕು ಎಂಬುದು 2021ರಿಂದ ಕಡ್ಡಾಯ. ನನಗಂತೂ ಇಡೀ ವರದಿಯಲ್ಲಿ ತುಂಬ ಪ್ರೀತಿಯ ಪುಟ ಅದು. ಅಧ್ಯಕ್ಷರ ಭಾಷಣಕ್ಕಿಂತ ಜಾಸ್ತಿ ಅದೇ ಹೇಳುತ್ತದೆ.

ಬ್ರೈಟ್‌ಕಾಮ್ ವಿಷಯ. ಕಸುಬು ಒಂದೇ ಅನ್ನುವುದು ಹೆಸರಿಗೆ ನಿಜ. ಹೈದರಾಬಾದಿನ ಈ ಕಂಪನಿ ಹಿಂದೆ ವೈಬ್ರಂಟ್ ಡಿಜಿಟಲ್ ಆಗಿತ್ತು, ಆಮೇಲೆ ಲೈಕಾಸ್ ಇಂಟರ್‌ನೆಟ್ ಆಯಿತು. 2021ರಲ್ಲಿ ಅದರ ಷೇರು ಕೆಲವೇ ರೂಪಾಯಿಯಿಂದ ಹೊರಟು ವರ್ಷಾಂತ್ಯಕ್ಕೆ ನೂರು ದಾಟಿತು. ಅದೇ ವರ್ಷ ಸೆಬಿ ಲೆಕ್ಕಪತ್ರದ ಫೊರೆನ್ಸಿಕ್ ತನಿಖೆಗೆ, ಅಂದರೆ ಮೋಸ ನಡೆದಿದೆಯೇ ಎಂದು ಕೆದಕಿ ನೋಡುವ ಪರಿಶೀಲನೆಗೆ, ಆದೇಶಿಸಿತ್ತು. 2023ರ ಏಪ್ರಿಲ್ ಆದೇಶದಲ್ಲಿ, ವಿದೇಶಿ ಅಂಗಸಂಸ್ಥೆಗಳ ಆಸ್ತಿ ಮೌಲ್ಯ ಕುಸಿದದ್ದನ್ನು ಲಾಭನಷ್ಟದ ಲೆಕ್ಕಕ್ಕೆ ತರದೆ ಲಾಭ ದೊಡ್ಡದು ಮಾಡಿ ತೋರಿಸಲಾಗಿದೆ ಎಂದು ಸೆಬಿ ಹೇಳಿತು. ಆಗಸ್ಟ್‌ನ ಇನ್ನೊಂದು ಆದೇಶದಲ್ಲಿ, ಆಯ್ದ ಕೆಲವರಿಗೆ ಷೇರು ಕೊಟ್ಟು ಪಡೆದೆವೆಂದ ಹಣದಲ್ಲಿ ಒಂದು ಭಾಗ ಕಂಪನಿಗೆ ಬಂದೇ ಇಲ್ಲ ಎಂದಿತು. ತ್ರೈಮಾಸಿಕ ಲೆಕ್ಕವನ್ನೂ ಹೊತ್ತಿಗೆ ಸರಿಯಾಗಿ ಕೊಡದ ಕಾರಣ 2024ರ ಜೂನ್‌ನಲ್ಲಿ ಷೇರು ವಿನಿಮಯ ಕೇಂದ್ರಗಳು ಈ ಷೇರಿನ ವಹಿವಾಟನ್ನೇ ನಿಲ್ಲಿಸಿದವು. ಷೇರು ಕೈಯಲ್ಲಿಟ್ಟುಕೊಂಡವರು ಬೇಕೆಂದಾಗ ಮಾರುವ ಹಾಗೂ ಇರಲಿಲ್ಲ. ನಿಮ್ಮ ಸ್ನೇಹಿತರು ಅಗ್ಗ ಎನ್ನುತ್ತಿದ್ದಾರಲ್ಲ, ನೂರರಿಂದ ಇಳಿದಿದೆ ಎಂಬ ಮಾತ್ರಕ್ಕೆ ಯಾವ ಷೇರೂ ಅಗ್ಗವಾಗುವುದಿಲ್ಲ. ಲೆಕ್ಕವನ್ನೇ ನಂಬಲಾಗದ ಕಡೆ ಅಗ್ಗವೋ ದುಬಾರಿಯೋ ಅಂತ ಅಳೆಯುವುದು ಯಾವುದರಿಂದ?

ನಿಮ್ಮ ಅಳಿಯನ ಮಾತಿಗೆ ಬರೋಣ. ಮೊಬೈಲ್ ಕಡೆ ದುಡ್ಡು ಹರಿಯುತ್ತಿದೆ, ಸರಿ. ಆದರೆ ಅದರ ದೊಡ್ಡ ಪಾಲು ಹೋಗುವುದು ಗೂಗಲ್ ಮತ್ತು ಫೇಸ್‌ಬುಕ್‌ನ ಒಡೆತನದ ಮೆಟಾಗೆ. 2024ರಲ್ಲಿ ಗೂಗಲ್‌ನ ಜಾಹೀರಾತು ಆದಾಯವೇ 26,400 ಕೋಟಿ ಡಾಲರಿಗೂ ಮೀರಿತ್ತು. ಉಳಿದವರು ಇಂಥ ದೊಡ್ಡವರ ನಿಯಮದ ಕೆಳಗೆ ಬದುಕಬೇಕು. 2021ರ ಏಪ್ರಿಲ್‌ನಲ್ಲಿ ಐಫೋನ್ ಮಾಡುವ ಆ್ಯಪಲ್ ತನ್ನ ಫೋನ್‌ಗಳಲ್ಲಿ, ಬಳಕೆದಾರರು ಏನೇನು ನೋಡುತ್ತಾರೆ ಎಂದು ಹಿಂಬಾಲಿಸುವ ಮೊದಲು ಆ್ಯಪ್‌ಗಳು ಅನುಮತಿ ಕೇಳಬೇಕು ಎಂದು ಮಾಡಿತು. ಅದರಿಂದ ಮೆಟಾದಂಥ ಮೆಟಾಗೇ ಏಟು ಬಿತ್ತು. 2022ರ ಫೆಬ್ರುವರಿಯಲ್ಲಿ, ಆ ಹೊಡೆತವೂ ಸೇರಿದಂತೆ ಫಲಿತಾಂಶ ಹೊರಬಿದ್ದ ಮರುದಿನ, ಅದರ ಷೇರು ಒಂದೇ ದಿನಕ್ಕೆ ಶೇ. 26 ಕುಸಿಯಿತು. ನಮ್ಮಲ್ಲೂ 2025ರ ಆಗಸ್ಟ್‌ನಲ್ಲಿ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೂ ಅವುಗಳ ಜಾಹೀರಾತನ್ನೂ ಕಾನೂನು ನಿಷೇಧಿಸಿತು. ಜಾಹೀರಾತಿಗೆ ಧಾರಾಳವಾಗಿ ಸುರಿಯುತ್ತಿದ್ದ ಒಂದು ವರ್ಗವೇ ಹೋಯಿತು. ಇಂಥವು ಮತ್ತೆ ಬರುತ್ತವೆ.

ಬೆಲೆಯ ಬಗ್ಗೆ ಒಂದು ಮಾತು. ಆ್ಯಫಲ್ 2019ರ ಆಗಸ್ಟ್‌ನಲ್ಲಿ ಪೇಟೆಗೆ ಬಂದಾಗ ಐಪಿಒ (ಜನರಿಗೆ ಮೊದಲ ಸಲ ಷೇರು ಮಾರುವುದು) ಬೆಲೆ 745 ರೂಪಾಯಿ. 2021ರಲ್ಲಿ ಒಂದು ಷೇರನ್ನು ಐದು ಮಾಡಿದರು. ಅಂದರೆ ಇವತ್ತಿನ ಲೆಕ್ಕಕ್ಕೆ 149 ರೂಪಾಯಿ. ಆಗ ಕೊಂಡವರಿಗೆ ಬಂದ ಲಾಭ ಕೇಳಿ ಆಸೆಯಾಗುವುದು ಸಹಜ. ಆದರೆ ನಿಮಗೆ ಆ ಬೆಲೆ ಸಿಗುವುದಿಲ್ಲ. ಇವತ್ತಿನ ಬೆಲೆಯನ್ನು ಒಂದು ಷೇರಿನ ವಾರ್ಷಿಕ ಗಳಿಕೆಯಿಂದ ಭಾಗಿಸಿ, ಎಷ್ಟು ವರ್ಷದ ಗಳಿಕೆಗೆ ಮುಂಗಡ ಕೊಡುತ್ತಿದ್ದೀರಿ ನೋಡಿ. ಅಮೆರಿಕದ ಟ್ರೇಡ್ ಡೆಸ್ಕ್ ಇದೇ ಕಸುಬಿನ ಹೆಸರಾಂತ ಕಂಪನಿ. 2025ರ ಫೆಬ್ರುವರಿಯಲ್ಲಿ ಅದು ನಷ್ಟವನ್ನೇನೂ ತೋರಿಸಲಿಲ್ಲ. ತಾನೇ ಹೇಳಿದ್ದ ಅಂದಾಜಿಗಿಂತ ಆದಾಯ ಸ್ವಲ್ಪ ಕಡಿಮೆ ಬಂತು, ಅಷ್ಟೇ. ಷೇರು ಒಂದೇ ದಿನದಲ್ಲಿ ಮೂರನೇ ಒಂದು ಭಾಗ ಕಳೆದುಕೊಂಡಿತು.

ಇನ್ನು ನಿಮ್ಮ ಮೂರು ಲಕ್ಷ. ಇದು ಮುಂದಿನ ಖರೀದಿಗೆ ಬೇಕಾದ ದುಡ್ಡೋ, ನಿಜವಾಗಿ ಉಳಿದದ್ದೋ? ಖರೀದಿಯದಾದರೆ ಯಾವ ಷೇರೂ ಬೇಡ. ಇದನ್ನು ನಾನು ಖಡಾಖಂಡಿತವಾಗಿ ಹೇಳುತ್ತೇನೆ. ರೈತರು ಮಾಲು ತಂದು ನಿಂತಾಗ ಷೇರು ಶೇ. 30 ಇಳಿದಿದ್ದರೆ ನಷ್ಟಕ್ಕೆ ಮಾರಬೇಕಾಗುತ್ತದೆ. ಐದಾರು ವರ್ಷ ಮುಟ್ಟದೆ ಇರಬಹುದಾದ ದುಡ್ಡಾದರೂ ಒಂದೇ ಕಸುಬಿನ ಒಂದೇ ಕಂಪನಿಗೆ ಪೂರ್ತಿ ಸುರಿಯುವುದು ತಪ್ಪು. ಹತ್ತರಲ್ಲಿ ಒಂದು ಪಾಲು ಸಾಕು. ಉಳಿದದ್ದನ್ನು ಇಂಡೆಕ್ಸ್ ಫಂಡ್ (ಸೂಚ್ಯಂಕದಲ್ಲಿರುವ ಹಲವು ಕಂಪನಿಗಳಲ್ಲಿ ದುಡ್ಡು ಹಂಚುವ ಫಂಡ್), ಬ್ಯಾಂಕ್ ಠೇವಣಿ ಎಂದು ಹಂಚಿಡಿ.

ಕೊಳ್ಳುವ ಮುಂಚೆ ಅಳಿಯನನ್ನು ಒಂದು ಭಾನುವಾರ ಕೂರಿಸಿಕೊಂಡು ಆ ಬಾಕಿಯ ಪುಟ ತೆಗೆಸಿ. ಅವನ ಆಫೀಸಿನವರು ಗಿರಾಕಿಗಳಿಂದ ಎಷ್ಟು ದಿನಕ್ಕೆ ದುಡ್ಡು ವಸೂಲಿ ಮಾಡುತ್ತಾರೆ ಎಂದೂ ಕೇಳಿ. ಆ ಕಸುಬಿನ ಒಳಗಿದ್ದಾನೆ, ಅವನಿಗೆ ಗೊತ್ತಿರುತ್ತದೆ.